ಬೋಧನ ವಿನ್ಯಾಸ ಮತ್ತು ಒಂದು ಕಂದಪದ್ಯದ ತರಗತಿ

ಕಳೆದ ವರ್ಷದ ಆಂತರಿಕ ಪರೀಕ್ಷೆಯಲ್ಲಿ ಛಂದಸ್ಸಿನ ಮೇಲೆ ಎರಡು ಪ್ರಶ್ನೆಗಳನ್ನು ಕೇಳಿದ್ದೆ. ಕಂದಪದ್ಯದ ಲಕ್ಷಣವನ್ನು ವಿವರಿಸಿರಿ ಎಂಬುದು ಮೊದಲನೆಯದು. ತರಗತಿಯಲ್ಲಿ ಓದದ ಒಂದು ಕಂದಕ್ಕೆ ಪ್ರಸ್ತಾರ ಹಾಕಿ ಗಣವಿಭಾಗ ಮಾಡಿರಿ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಹೆಚ್ಚಿನವರು ನಾನು ಹೇಳಿ ಬರೆಯಿಸಿದ ವಾಕ್ಯಗಳನ್ನೇ ಅಕ್ಷರ ತಪ್ಪದೆ ಬರೆದಿದ್ದರು. ಎರಡನೆಯದರ ಕೆಳಗೆ ಬಹುಪಾಲು ಉತ್ತರಪತ್ರಿಕೆಗಳಲ್ಲಿ ಪದ್ಯವನ್ನು ನಕಲು ಮಾಡಿದ್ದಷ್ಟೇ ಇತ್ತು. ಕೆಲವರು ಅಲ್ಲೊಂದು ಇಲ್ಲೊಂದು ಗುರುಚಿಹ್ನೆಯನ್ನು ಊಹೆಯಿಂದ ಹಾಕಿ ಕೈಬಿಟ್ಟಿದ್ದರು. ಲಕ್ಷಣ ಬಲ್ಲವರಿಗೆ ಲಕ್ಷ್ಯದ ಗುರುತೇ ಸಿಗಲಿಲ್ಲ. ವಿದ್ಯಾರ್ಥಿಗಳ ಅಭ್ಯಾಸ ಸಾಲದು ಎಂದು ಅಂದು ಸಮಾಧಾನಪಟ್ಟುಕೊಂಡೆ. ಪಾಠವನ್ನು ಪೂರ್ತಿಗೊಳಿಸಿದ್ದೇನೆಂಬ ನೆಮ್ಮದಿ ನನಗಿತ್ತು.

ಆ ನೆಮ್ಮದಿ ಕದಡಿದ್ದು ಬೇಸಿಗೆ ರಜೆಯಲ್ಲಿ ಅಧ್ಯಾಪಕರಿಗಾಗಿ ನಡೆದ ಒಂದು ಅಲ್ಪಾವಧಿ ತರಬೇತಿಯಲ್ಲಿ. ವಿಷಯ ಬೋಧನ ವಿನ್ಯಾಸ. ಹೆಸರು ಕೇಳಿದಾಗ ಇದು ಕಂಪ್ಯೂಟರಿನಲ್ಲಿ ಚಿತ್ರಪಟ ತಯಾರಿಸುವ ವಿದ್ಯೆಯೆಂದು ಭಾವಿಸಿದ್ದೆ. ಅದು ಪಾಠವನ್ನು ಕಟ್ಟುವ ಕ್ರಮದ ಶಾಸ್ತ್ರ. ಅಲ್ಲಿ ಕಲಿತ ಕೆಲವು ತತ್ತ್ವಗಳನ್ನು ಅದೇ ಕಂದಪದ್ಯದ ಪಾಠಕ್ಕೆ ಅನ್ವಯಿಸಿ ನೋಡಿದ ಅನುಭವವನ್ನು ನಮ್ಮ ವಿಭಾಗದ ವಾರ್ತಾಪತ್ರದ ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಬೋಧನ ವಿನ್ಯಾಸವು ಸ್ವತಂತ್ರ ಶಾಸ್ತ್ರವಾಗಿ ರೂಪುಗೊಂಡದ್ದು ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಕ್ಷಾಂತರ ಮಂದಿಗೆ ಅಲ್ಪಾವಧಿಯಲ್ಲಿ ವಿಮಾನ ಹಾರಿಸಲು, ಯಂತ್ರ ದುರಸ್ತಿ ಮಾಡಲು ಕಲಿಸಬೇಕಾಗಿ ಬಂದಾಗ ಮನಶ್ಶಾಸ್ತ್ರಜ್ಞರ ನೆರವನ್ನು ಪಡೆಯಲಾಯಿತು. ಅವರಲ್ಲೊಬ್ಬರಾದ ರಾಬರ್ಟ್ ಗಾನ್ಯೆ 1965ರಲ್ಲಿ ಕಲಿಕೆಯ ಷರತ್ತುಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಅದಕ್ಕೂ ಮೊದಲು, 1956ರಲ್ಲಿ, ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು ಶೈಕ್ಷಣಿಕ ಗುರಿಗಳನ್ನು ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯನಿರ್ಣಯ ಎಂದು ಆರು ಮೆಟ್ಟಿಲುಗಳಾಗಿ ವರ್ಗೀಕರಿಸಿದ್ದರು. 1970ರ ದಶಕದಲ್ಲಿ ಫ್ಲಾರಿಡಾ ರಾಜ್ಯ ವಿಶ್ವವಿದ್ಯಾಲಯವು ಅಮೆರಿಕದ ಸೇನೆಗಾಗಿ ರೂಪಿಸಿದ ಮಾದರಿಯಿಂದ ಬೆಳೆದುಬಂದ ಐದು ಹಂತಗಳ ಕ್ರಮ ಇಂದಿಗೂ ಬಳಕೆಯಲ್ಲಿದೆ: ವಿಶ್ಲೇಷಣೆ, ವಿನ್ಯಾಸ, ನಿರ್ಮಾಣ, ಅನುಷ್ಠಾನ, ಮೌಲ್ಯಮಾಪನ. ಸೈನಿಕ ಶಿಸ್ತಿನ ಈ ಮೂಲವನ್ನು ತಿಳಿದಾಗ, ಕಾವ್ಯಪಾಠಕ್ಕೂ ಇದಕ್ಕೂ ಏನು ಸಂಬಂಧ ಎಂದು ಅನುಮಾನಿಸಿದ್ದುಂಟು. ಆದರೆ ಈ ಶಾಸ್ತ್ರ ಕೇಳುವ ಮೊದಲ ಪ್ರಶ್ನೆಯೇ ನನ್ನ ಉತ್ತರಪತ್ರಿಕೆಗಳ ಕಟ್ಟನ್ನು ನೆನಪಿಗೆ ತಂದಿತು.

ಪಾಠ ಮುಗಿದ ಬಳಿಕ ವಿದ್ಯಾರ್ಥಿ ಏನನ್ನು ಮಾಡಬಲ್ಲವನಾಗಬೇಕು? ಇದೇ ಆ ಪ್ರಶ್ನೆ. 1962ರಲ್ಲಿ ರಾಬರ್ಟ್ ಮೇಜರ್ ಎಂಬವರು ಬೋಧನೆಯ ಗುರಿಗಳನ್ನು ಬರೆಯುವ ಬಗೆಯನ್ನು ಕುರಿತು ಒಂದು ಸಣ್ಣ ಪುಸ್ತಕ ಬರೆದರು. ಅವರ ಪ್ರಕಾರ ಗುರಿಯೊಂದಕ್ಕೆ ಮೂರು ಅಂಗಗಳಿರಬೇಕು: ಕಲಿತವನು ಮಾಡಿ ತೋರಿಸುವ ಕ್ರಿಯೆ, ಆ ಕ್ರಿಯೆ ನಡೆಯುವ ಸಂದರ್ಭ, ಅದು ಸರಿಯಾಗಿದೆಯೆಂದು ನಿರ್ಣಯಿಸುವ ಅಳತೆ. ನನ್ನ ಪಾಠಯೋಜನೆಯ ಪುಸ್ತಕವನ್ನು ತೆಗೆದು ನೋಡಿದೆ. ಅಲ್ಲಿ ‘ಕಂದಪದ್ಯದ ಲಕ್ಷಣ, ಒಂದು ತರಗತಿ’ ಎಂದಿತ್ತು. ಅದು ನಾನು ಮಾಡಬೇಕಾದ ಕೆಲಸದ ಟಿಪ್ಪಣಿ; ವಿದ್ಯಾರ್ಥಿ ಮಾಡಬೇಕಾದುದರ ಸುಳಿವು ಅದರಲ್ಲಿರಲಿಲ್ಲ. ಮೇಜರರ ಕ್ರಮದಲ್ಲಿ ಅದನ್ನು ಹೀಗೆ ತಿದ್ದಿಕೊಂಡೆ: ‘ಹಿಂದೆ ಕಾಣದ ಕಂದವೊಂದನ್ನು ಕೊಟ್ಟಾಗ, ಪುಸ್ತಕದ ನೆರವಿಲ್ಲದೆ, ವಿದ್ಯಾರ್ಥಿಯು ಲಘುಗುರುಗಳನ್ನು ಗುರುತಿಸಿ ಹದಿನಾರು ಗಣಗಳನ್ನೂ ತಪ್ಪಿಲ್ಲದೆ ಬೇರ್ಪಡಿಸಬೇಕು.’

ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ ಎಂಬ ಇಬ್ಬರು 1998ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ವಿಚಾರವನ್ನು ಮುಂದುವರಿಸಿ ಹಿಮ್ಮುಖ ವಿನ್ಯಾಸವೆಂಬ ಕ್ರಮವನ್ನು ಹೇಳಿದ್ದಾರೆ. ಮೊದಲು ಗುರಿ, ಅನಂತರ ಆ ಗುರಿ ತಲುಪಿತೆಂಬುದಕ್ಕೆ ಸಾಕ್ಷ್ಯ, ಕೊನೆಗೆ ತರಗತಿಯ ಚಟುವಟಿಕೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ. ಪಾಠ ಮೊದಲು, ಪ್ರಶ್ನೆಪತ್ರಿಕೆ ಕೊನೆಗೆ, ಗುರಿಯ ವಿಚಾರ ಯಾರಿಗೂ ಇಲ್ಲ. ನನ್ನ ಎರಡನೆಯ ಪ್ರಶ್ನೆಗೆ ಬೇಕಾದ ಅಭ್ಯಾಸ ನನ್ನ ತರಗತಿಯಲ್ಲಿ ಒಮ್ಮೆಯೂ ನಡೆದಿರಲಿಲ್ಲ. ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿದವನು ನಾನು. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡಿದ್ದರು. ಕಲಿಸದೆ ಇದ್ದುದನ್ನು ಪರೀಕ್ಷಿಸಿದ್ದೆನೆಂಬುದು ಆಗ ತಿಳಿಯಿತು.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ವಿದ್ಯಾರ್ಥಿ ಈಗ ಎಲ್ಲಿ ನಿಂತಿದ್ದಾನೆ? ಗಾನ್ಯೆಯವರು ಹೇಳುವ ಬೋಧನೆಯ ಒಂಬತ್ತು ಘಟನೆಗಳಲ್ಲಿ ಗಮನವನ್ನು ಸೆಳೆಯುವುದು, ಗುರಿಯನ್ನು ತಿಳಿಸುವುದು ಆದ ಬಳಿಕ ಬರುವುದು ಮೊದಲೇ ತಿಳಿದಿರುವುದನ್ನು ನೆನಪಿಗೆ ತರಿಸುವುದು. ಕಾಸರಗೋಡಿನಂತಹ ಪ್ರದೇಶದಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ನಮ್ಮ ಒಂದೇ ಬೆಂಚಿನಲ್ಲಿ ಮನೆಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಆಡುವವರು ಕುಳಿತಿರುತ್ತಾರೆ. ಕೆಲವರು ಹನ್ನೆರಡನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಇನ್ನು ಕೆಲವರು ಮಲಯಾಳ ಮಾಧ್ಯಮದಿಂದ ಬಂದು ಕನ್ನಡವನ್ನು ಪ್ರೀತಿಯಿಂದ ಆರಿಸಿಕೊಂಡವರು. ಒತ್ತಕ್ಷರಗಳೆದುರು ಅವರ ಓದು ತಡವರಿಸುತ್ತದೆ. ಇಂಥವರನ್ನು ನಾನು ಮನಸ್ಸಿನಲ್ಲೇ ‘ಹಿಂದುಳಿದವರು’ ಎಂಬ ಸಾಲಿಗೆ ಸೇರಿಸಿಬಿಟ್ಟಿದ್ದೆ.

ಈ ವರ್ಷ ಪಾಠಕ್ಕೆ ಮೊದಲು ಅಂಕಗಳಿಲ್ಲದ ಒಂದು ಪುಟ್ಟ ಪರೀಕ್ಷೆ ಮಾಡಿದೆ. ಐದು ಪದಗಳನ್ನು ಕೊಟ್ಟು, ಯಾವ ಅಕ್ಷರ ಗಿಡ್ಡ, ಯಾವುದು ಉದ್ದ ಎಂದು ಗುರುತಿಸಿರಿ ಎಂದೆ. ಐದನ್ನೂ ಸರಿಯಾಗಿ ಮಾಡಿದವರಲ್ಲಿ ಮಲಯಾಳ ಮಾಧ್ಯಮದಿಂದ ಬಂದವರೇ ಮುಂದಿದ್ದರು. ಕಾರಣ ಸರಳವಾದುದು. ಮಲಯಾಳ ಪಾಠದಲ್ಲಿ ಕೇಕ, ಕಾಕಳಿ ಮೊದಲಾದ ವೃತ್ತಗಳನ್ನು ಅವರು ಶಾಲೆಯಲ್ಲಿಯೇ ಕಲಿತಿದ್ದರು. ಕಿಳಿಪ್ಪಾಟ್ಟಿನ ಛಂದಸ್ಸುಗಳಲ್ಲೊಂದಾದ ಕಾಕಳಿಯಲ್ಲಿ ಮೂರಕ್ಷರಗಳಿಗೆ ಐದು ಮಾತ್ರೆಯ ಗಣಗಳು ಬರುತ್ತವೆ. ಅದನ್ನು ಎಣಿಸಿದವರಿಗೆ ನಾಲ್ಕು ಮಾತ್ರೆಯ ಗಣವನ್ನು ಎಣಿಸುವುದು ಹೊಸದಲ್ಲ. ಸಂಯುಕ್ತಾಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆಂಬ ಮೂಲ ನಿಯಮ ಎರಡೂ ಭಾಷೆಗಳಿಗೆ ಸಮಾನ. ಅವರಿಗಿದ್ದ ಕೊರತೆ ಕನ್ನಡ ಲಿಪಿಯ ಓದಿನ ವೇಗದ್ದು, ಛಂದಸ್ಸಿನ ಜ್ಞಾನದ್ದಲ್ಲ. ಈ ಎರಡನ್ನೂ ನಾನು ಒಂದೇ ಎಂದು ತಿಳಿದಿದ್ದೆ. ಅವರು ತಂದ ಗಂಟನ್ನು ಬಿಚ್ಚಿ ನೋಡದೆಯೇ ಬರಿಗೈಯಲ್ಲಿ ಬಂದವರೆಂದು ನಿರ್ಣಯಿಸಿದ್ದು ನನ್ನ ತಪ್ಪು.

ಮೂರನೆಯ ತತ್ತ್ವ ಮನಸ್ಸಿನ ಹೊರೆಗೆ ಸಂಬಂಧಿಸಿದ್ದು. ಒಮ್ಮೆಗೆ ನೆನಪಿನಲ್ಲಿ ಹಿಡಿದಿಡಬಹುದಾದ ಅಂಶಗಳು ಸುಮಾರು ಏಳೆಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದರು. ಸಂಖ್ಯೆ ಅದಕ್ಕಿಂತಲೂ ಕಡಿಮೆಯೆಂಬುದು ಅನಂತರದ ಕೆಲವು ಸಂಶೋಧಕರ ಮತ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ ಇದರಿಂದ ಒಂದು ಬೋಧನತತ್ತ್ವವನ್ನು ಬೆಳೆಸಿದರು. ಹೊಸಬನ ಮೇಲೆ ಒಮ್ಮೆಗೇ ಹಲವು ನಿಯಮಗಳನ್ನು ಹೇರಿದರೆ ಅವುಗಳನ್ನು ಹೊರುವುದರಲ್ಲಿಯೇ ಅವನ ಶಕ್ತಿ ವ್ಯಯವಾಗಿ ಕಲಿಯಲು ಏನೂ ಉಳಿಯುವುದಿಲ್ಲ. ಆದುದರಿಂದ ಆರಂಭದಲ್ಲಿ ಪೂರ್ತಿ ಬಿಡಿಸಿದ ಮಾದರಿಗಳನ್ನು ತೋರಿಸಿ, ಮುಂದೆ ಅರ್ಧ ಬಿಡಿಸಿದವನ್ನು ಕೊಟ್ಟು, ಕೊನೆಗೆ ಬರಿಯ ಸಮಸ್ಯೆಯನ್ನು ಒಪ್ಪಿಸಬೇಕು.

ನಾನು ಹಿಂದೆ ಒಂದೇ ತರಗತಿಯಲ್ಲಿ ಹೇಳುತ್ತಿದ್ದುದನ್ನು ಪಟ್ಟಿ ಮಾಡಿ ನೋಡಿದೆ. ಕಂದಕ್ಕೆ ನಾಲ್ಕು ಪಾದಗಳು. ಒಂದು ಮತ್ತು ಮೂರನೆಯ ಪಾದಗಳಲ್ಲಿ ಮೂರು ಗಣ, 12 ಮಾತ್ರೆ. ಎರಡು ಮತ್ತು ನಾಲ್ಕರಲ್ಲಿ ಐದು ಗಣ, 20 ಮಾತ್ರೆ. ಪ್ರತಿ ಅರ್ಧಕ್ಕೆ ಎಂಟು ಗಣ, ಒಟ್ಟು 64 ಮಾತ್ರೆ. ಅರ್ಧದ ಬೆಸಸ್ಥಾನಗಳಲ್ಲಿ ಮಧ್ಯಗುರುವುಳ್ಳ ಜಗಣ ಬರಕೂಡದು. ಆರನೆಯ ಗಣ ಜಗಣವಾಗಲಿ ಸರ್ವಲಘುವಾಗಲಿ ಆಗಿರಬೇಕು. ಅರ್ಧದ ಕೊನೆಯ ಅಕ್ಷರ ಗುರು. ಇವುಗಳ ಮೇಲೆ ಆದಿಪ್ರಾಸ; ಅದರ ಮೇಲೆ, ಒತ್ತಕ್ಷರವಿದ್ದರೂ ಹಿಂದಿನದು ಗುರುವಾಗದ ಶಿಥಿಲದ್ವಿತ್ವದ ಅಪವಾದ. ಇಷ್ಟೆಲ್ಲವೂ ಐವತ್ತು ನಿಮಿಷಗಳಲ್ಲಿ, ಅದೂ ಅರ್ಥ ತಿಳಿಯದ ಹಳಗನ್ನಡ ಪದ್ಯದ ಮೇಲೆ!

ಈ ಬಾರಿ ಮೊದಲ ದಿನ ಪದ್ಯವನ್ನೇ ತೆಗೆದುಕೊಳ್ಳಲಿಲ್ಲ. ಊರುಗಳ ಹೆಸರುಗಳನ್ನು ಬರೆಯಿಸಿದೆ. ಅವುಗಳ ಅರ್ಥಕ್ಕಾಗಿ ಯಾರೂ ತಿಣುಕಬೇಕಾಗಿಲ್ಲ. ಅದುವರೆಗೆ ಒಂದೇ ಕೆಲಸ: ಮಾತ್ರೆಗಳನ್ನು ಎಣಿಸಿ ನಾಲ್ಕು ಮಾತ್ರೆಯ ಹೆಸರುಗಳನ್ನು ಆರಿಸುವುದು. ಮಂಜೇಶ್ವರಕ್ಕೆ ಆರು ಮಾತ್ರೆ, ಕಾಸರಗೋಡಿಗೆ ಏಳು, ಬದಿಯಡ್ಕಕ್ಕೆ ಐದು, ಇವು ಹೊರಗುಳಿದವು. ಕುಂಬಳೆ, ಉಪ್ಪಳ, ಬೇಕಲ, ಪುತ್ತಿಗೆ ನಾಲ್ಕು ಮಾತ್ರೆಯವು. ನಾಲ್ಕರಲ್ಲಿಯೂ ಮೊದಲು ಗುರು, ಆಮೇಲೆ ಎರಡು ಲಘು. ಮಧೂರು ಮತ್ತು ಅಡೂರು ಕೂಡ ನಾಲ್ಕು ಮಾತ್ರೆಯವೇ, ಆದರೆ ಗುರು ನಡುವೆ ಕುಳಿತಿದೆ. ಕುಂಬಳೆಯ ಗೋಪಾಲಕೃಷ್ಣ ದೇವಾಲಯದ ಹೆಸರಿನೊಡನೆ ಸೇರಿರುವ ಕಣಿಪುರದಲ್ಲಿ ನಾಲ್ಕೂ ಲಘು.

ಎರಡನೆಯ ದಿನ ಕಂದದ ಅರ್ಧವನ್ನು ಎಂಟು ಖಾಲಿ ಮನೆಗಳಾಗಿ ಹಲಗೆಯ ಮೇಲೆ ಬರೆದೆ. ನಿಯಮಗಳನ್ನು ಊರುಗಳ ಮಾತಿನಲ್ಲಿಯೇ ಹೇಳಿದೆ. ಒಂದು, ಮೂರು, ಐದು, ಏಳನೆಯ ಮನೆಗಳಿಗೆ ಮಧೂರು ಹೋಗುವಂತಿಲ್ಲ. ಆರನೆಯ ಮನೆಯಲ್ಲಿ ಮಧೂರಿಗಾಗಲಿ ಕಣಿಪುರಕ್ಕಾಗಲಿ ಮಾತ್ರ ಪ್ರವೇಶ. ಕುಂಬಳೆಗೆ ಅಲ್ಲಿ ಜಾಗವಿಲ್ಲ. ಜಗಣ, ಸರ್ವಲಘು ಎಂಬ ಪಾರಿಭಾಷಿಕ ಪದಗಳು ಆ ಬಳಿಕ ಬಂದವು, ಅದಾಗಲೇ ಪರಿಚಯವಾದವರಿಗೆ ಹೆಸರು ಹೇಳಿದಂತೆ.

ಎಂಟನೆಯ ಮನೆಗೆ ಬಂದಾಗ ತರಗತಿ ನಿಂತುಬಿಟ್ಟಿತು. ಅಲ್ಲಿ ಕೊನೆಯಕ್ಷರ ಗುರುವಾಗಬೇಕು. ನಾಲ್ಕು ಮಾತ್ರೆಯ ಗಣಗಳು ಒಟ್ಟು ಐದು ಬಗೆ. ನಮಗೆ ಮೂರು ಬಗೆಯ ಹೆಸರುಗಳಷ್ಟೇ ಸಿಕ್ಕಿದ್ದುವು. ಎರಡು ಗುರುಗಳ ಗಣಕ್ಕೂ, ಎರಡು ಲಘುಗಳ ಮೇಲೆ ಒಂದು ಗುರುವಿರುವ ಗಣಕ್ಕೂ ನಮ್ಮ ಪಟ್ಟಿಯಲ್ಲಿ ಒಂದು ಊರೂ ಇರಲಿಲ್ಲ. ಕಾರಣವನ್ನು ವಿದ್ಯಾರ್ಥಿನಿಯೊಬ್ಬಳೇ ಕಂಡುಹಿಡಿದಳು. ನಾವು ಪಟ್ಟಿ ಮಾಡಿದ ಹೆಸರುಗಳೆಲ್ಲವೂ ಹ್ರಸ್ವಸ್ವರದಿಂದ ಮುಗಿಯುತ್ತವೆ. ಆಗ ಹಳಗನ್ನಡದ ಎರಡು ರೂಪಗಳನ್ನು ಹಲಗೆಯ ಮೇಲೆ ಬರೆದೆ: ಅರಸಂ, ಕರ್ಣಂ. ಹೊಸಗನ್ನಡದ ‘ಅರಸ’ ಎಂಬುದಕ್ಕೆ ಮೂರೇ ಮಾತ್ರೆ. ‘ಅರಸಂ’ ಎಂದೊಡನೆ ಅದು ಎರಡು ಲಘು ಒಂದು ಗುರುವಿನ ಪೂರ್ಣ ಗಣ. ‘ಕರ್ಣ’ ಮೂರು ಮಾತ್ರೆ. ‘ಕರ್ಣಂ’ ಎರಡು ಗುರುಗಳ ಗಣ. ವಿಭಕ್ತಿಪ್ರತ್ಯಯವೆಂದು ಬಾಯಿಪಾಠ ಮಾಡಿದ ಒಂದು ಸೊನ್ನೆ ಪದ್ಯದ ಲಯದಲ್ಲಿ ಏನು ಕೆಲಸ ಮಾಡುತ್ತದೆಂಬುದು ಅವರಿಗೆ ಮೊದಲ ಬಾರಿಗೆ ಕಂಡಿತು. ಆ ಹುಡುಗಿ ಮತ್ತೊಂದು ಪ್ರಶ್ನೆ ಕೇಳಿದಳು. ಹಾಗಾದರೆ ಈ ಸೊನ್ನೆಗಳು ಬಿದ್ದುಹೋದ ಮೇಲೆ ಕಂದ ಬರೆಯುವುದು ಕಷ್ಟವಾಯಿತೆ? ನನ್ನ ಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ನಡುಗನ್ನಡದಲ್ಲಿ ಷಟ್ಪದಿ ಮುಂದೆ ಬಂದುದನ್ನು ನೆನೆದು, ಅದನ್ನು ಮುಂದಿನ ಸೆಮಿಸ್ಟರಿನ ಕಿರುಪ್ರಬಂಧದ ವಿಷಯವಾಗಿ ಅವಳಿಗೇ ಒಪ್ಪಿಸಿದೆ.

ಮೂರನೆಯ ದಿನ ಪದ್ಯಗಳನ್ನು ತೆಗೆದುಕೊಂಡೆವು. ಮೊದಲನೆಯದಕ್ಕೆ ಪ್ರಸ್ತಾರವನ್ನು ನಾನೇ ಹಾಕಿ ಪ್ರತಿ ಹೆಜ್ಜೆಯ ಕಾರಣವನ್ನೂ ಹೇಳಿದೆ. ಎರಡನೆಯದರಲ್ಲಿ ಕೊನೆಯ ಪಾದವನ್ನು ಖಾಲಿ ಬಿಟ್ಟೆ, ಮೂರನೆಯದರಲ್ಲಿ ಉತ್ತರಾರ್ಧವನ್ನು. ನಾಲ್ಕನೆಯದನ್ನು ಅವರು ಇಬ್ಬಿಬ್ಬರಾಗಿ ಕುಳಿತು ತಾವೇ ಬಿಡಿಸಿದರು. ಕನ್ನಡವನ್ನು ಸರಾಗವಾಗಿ ಓದಬಲ್ಲವನೊಬ್ಬ, ಗಣಗಳನ್ನು ಸಲೀಸಾಗಿ ಎಣಿಸಬಲ್ಲವನೊಬ್ಬ ಒಂದು ಜೋಡಿ. ಶಿಥಿಲದ್ವಿತ್ವದ ಮಾತನ್ನು ಎರಡು ವಾರಗಳ ಬಳಿಕ, ಪ್ರಸ್ತಾರ ಕೈಗೆ ಒಗ್ಗಿದ ಮೇಲೆ ಎತ್ತಿದೆ.

ನಾಲ್ಕನೆಯ ತತ್ತ್ವ ಮರೆವಿನದು. ಕಲಿತದ್ದು ಆರಂಭದ ದಿನಗಳಲ್ಲಿಯೇ ಬೇಗ ಬೇಗ ಮರೆಯುತ್ತದೆಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದನು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು ನಡೆಸಿದ ಪ್ರಯೋಗವೊಂದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡಿತು. ಐದು ನಿಮಿಷಗಳ ಬಳಿಕ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ ನೆನಪು ಮಾಡಿಕೊಂಡವರು ಮುಂದಾದರು. ಈ ಕಾರಣದಿಂದ ಈಗ ಪ್ರತಿ ತರಗತಿಯ ಮೊದಲ ಐದು ನಿಮಿಷ ಹಿಂದಿನ ವಾರದ ಒಂದು ಪಾದಕ್ಕೆ ಪ್ರಸ್ತಾರ ಹಾಕಿಸುತ್ತೇನೆ. ಅಂಕವಿಲ್ಲ, ಬೈಗುಳವಿಲ್ಲ, ತಪ್ಪಿದಲ್ಲಿ ಆಗಲೇ ತಿದ್ದುವುದು ಮಾತ್ರ.

ಇವೆಲ್ಲವೂ ಪಶ್ಚಿಮದಿಂದ ಬಂದ ಹೊಸ ವಿದ್ಯೆಯೆಂದು ಹೇಳಿ ಮುಗಿಸಿದರೆ ನಮ್ಮ ಪರಂಪರೆಗೆ ಅನ್ಯಾಯವಾದೀತು. ಹತ್ತನೆಯ ಶತಮಾನದ ನಾಗವರ್ಮನು ‘ಛಂದೋಂಬುಧಿ’ಯನ್ನು ತನ್ನ ಪ್ರಿಯೆಗೆ ಹೇಳುವ ರೀತಿಯಲ್ಲಿ ರಚಿಸಿದ್ದಾನೆ, ಎದುರಿಗೆ ಕಲಿಯುವ ಒಂದು ಮುಖವಿಲ್ಲದೆ ಶಾಸ್ತ್ರವನ್ನು ಹೇಳಲು ಅವನು ಹೊರಡಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವಿದೆ. ನೆನಪಿನಲ್ಲಿ ಉಳಿಯಲು ಕಂದದಲ್ಲಿ ಸೂತ್ರ, ತಿಳಿಯಲು ಗದ್ಯದಲ್ಲಿ ವೃತ್ತಿ, ನಂಬಲು ಕವಿಗಳಿಂದ ಆಯ್ದ ಪ್ರಯೋಗ. ನನ್ನ ಹಳೆಯ ಪಾಠದಲ್ಲಿ ಸೂತ್ರ ಮತ್ತು ವೃತ್ತಿ ಮಾತ್ರ ಉಳಿದು, ಪ್ರಯೋಗ ಬಿಟ್ಟುಹೋಗಿತ್ತು.

ಇನ್ನೂ ಹತ್ತಿರದ ಉದಾಹರಣೆ ಪಾರ್ತಿಸುಬ್ಬನ ಈ ನೆಲದ ಯಕ್ಷಗಾನದಲ್ಲಿದೆ. ಹಿಮ್ಮೇಳ ಕಲಿಯುವವನು ಮೊದಲು ಬಾಯಿತಾಳವನ್ನು ಹೇಳುತ್ತಾನೆ, ಆಮೇಲೆ ಕೈಯಲ್ಲಿ ಲೆಕ್ಕ ಹಿಡಿಯುತ್ತಾನೆ. ಚೆಂಡೆಯ ಕೋಲು ಅವನ ಕೈಗೆ ಬರುವುದು ಅನಂತರ. ಮೇಳ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ಮೊದಲಾದ ಪೂರ್ವರಂಗದ ವೇಷಗಳಿಂದ ಆರಂಭಿಸಿ, ರಾತ್ರಿಯಿಂದ ರಾತ್ರಿಗೆ ಹಿರಿಯರನ್ನು ನೋಡುತ್ತ ದೊಡ್ಡ ವೇಷದ ಕಡೆಗೆ ಬೆಳೆಯುತ್ತಾನೆ. ಕಲಿಯುವವನಿಗೆ ಆಸರೆ ಕೊಟ್ಟು ಮೆಲ್ಲನೆ ಆ ಆಸರೆಯನ್ನು ತೆಗೆಯಬೇಕೆಂದು 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಬರೆದ ಪ್ರಬಂಧ ಹೇಳುವುದು ಇದನ್ನೇ. ಬಯಲಿನಲ್ಲಿ ಕಣ್ಣೆದುರು ನಡೆಯುತ್ತಿದ್ದ ಕ್ರಮವನ್ನು ತರಗತಿಯ ಬಾಗಿಲಿನ ಹೊರಗೆ ಬಿಟ್ಟು ಬಂದವರು ನಾವು.

ಈ ಶಾಸ್ತ್ರದ ಮಿತಿಯನ್ನೂ ಹೇಳಬೇಕು. ಗುರಿಗಳನ್ನು ಕ್ರಿಯಾಪದಗಳಲ್ಲಿ ಬರೆಯುವುದು ಪ್ರಸ್ತಾರಕ್ಕೆ ಒಪ್ಪುತ್ತದೆ. ಪಂಪನ ಕರ್ಣನನ್ನು ಓದಿ ಒಬ್ಬ ವಿದ್ಯಾರ್ಥಿ ಮೌನವಾದರೆ ಆ ಮೌನಕ್ಕೆ ಯಾವ ಅಳತೆಗೋಲನ್ನು ಹಿಡಿಯುವುದು? 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷಗಳ ಪದವಿ ಕ್ರಮ ಜಾರಿಗೆ ಬಂದ ಮೇಲೆ ಕಲಿಕೆಯ ಫಲಿತಗಳನ್ನು ಪಟ್ಟಿಮಾಡುವುದು ನಮ್ಮೆಲ್ಲರ ಕೆಲಸದ ಭಾಗವಾಗಿದೆ. ‘ವಿಶ್ಲೇಷಿಸುತ್ತಾರೆ’, ‘ಮೌಲ್ಯಮಾಪನ ಮಾಡುತ್ತಾರೆ’ ಎಂದು ಕೋಷ್ಟಕವನ್ನು ತುಂಬಿಸಿ ತರಗತಿಯಲ್ಲಿ ಹಳೆಯ ಟಿಪ್ಪಣಿಯನ್ನೇ ಓದಿ ಹೇಳುವುದು ಬಹಳ ಸುಲಭ. ಹಾಗೆ ಮಾಡಿದರೆ ವಿನ್ಯಾಸವು ಕಾಗದದ ಮೇಲೆ ಉಳಿಯುತ್ತದೆ, ಉತ್ತರಪತ್ರಿಕೆಯ ಕೆಳಭಾಗ ಖಾಲಿಯಾಗಿಯೇ ಉಳಿಯುತ್ತದೆ. ಇದಕ್ಕೆ ತಗಲುವ ಸಮಯದ ಲೆಕ್ಕವನ್ನೂ ಮುಚ್ಚಿಡಲಾರೆ. ಒಂದು ತರಗತಿಯ ಪಾಠಕ್ಕೆ ಈ ವರ್ಷ ನಾಲ್ಕು ತರಗತಿಗಳು ಬೇಕಾದುವು. ಪಠ್ಯದ ಇನ್ನೊಂದು ಭಾಗವನ್ನು ಸಂಕ್ಷೇಪಿಸಬೇಕಾಯಿತು. ಯಾವುದನ್ನು ಬಿಡಬಹುದೆಂಬ ನಿರ್ಧಾರ ಯಾವ ಮಾದರಿಯೂ ನಮಗಾಗಿ ಮಾಡಿಕೊಡುವಂಥದಲ್ಲ.

ಆದರೂ ಇಲ್ಲಿ, ಗಡಿಯ ಈಚೆ, ಈ ಶ್ರಮಕ್ಕೆ ಒಂದು ಅರ್ಥವಿದೆ. ಕನ್ನಡ ಪದವಿ ತರಗತಿಗೆ ಬಂದು ಕುಳಿತವರಲ್ಲಿ ಪ್ರತಿಯೊಬ್ಬರೂ ನಮಗೆ ಮುಖ್ಯರು. ಇವರಲ್ಲಿ ಕೆಲವರು ನಾಳೆ ಇಲ್ಲಿನ ಶಾಲೆಗಳಲ್ಲಿ ಕನ್ನಡ ಕಲಿಸುವವರು. ನಾವು ಕಲಿಸಿದ ರೀತಿಯಲ್ಲಿಯೇ ಅವರು ಕಲಿಸುತ್ತಾರೆ. ಲಕ್ಷಣವನ್ನು ಬರೆಯಿಸಿದರೆ ಲಕ್ಷಣವನ್ನೇ ಬರೆಯಿಸುತ್ತಾರೆ. ಎಣಿಸಿ ನೋಡಲು ಕೊಟ್ಟರೆ ಎಣಿಸಲು ಕೊಡುತ್ತಾರೆ.

ಈ ವರ್ಷದ ಆಂತರಿಕ ಪರೀಕ್ಷೆಯಲ್ಲಿ ಮತ್ತೆ ಒಂದು ಅಪರಿಚಿತ ಕಂದವನ್ನು ಕೊಟ್ಟಿದ್ದೆ. ಎಲ್ಲರೂ ಪೂರ್ತಿ ಸರಿಮಾಡಿದರೆಂದು ಹೇಳಲಾರೆ. ಉತ್ತರಾರ್ಧದಲ್ಲಿ ಎಡವಿದವರು ಇದ್ದಾರೆ. ಆದರೆ ಖಾಲಿ ಬಿಟ್ಟವರು ಯಾರೂ ಇರಲಿಲ್ಲ. ಒಬ್ಬನು ಆರನೆಯ ಗಣದ ಮೇಲೆ ಪೆನ್ಸಿಲಿನಲ್ಲಿ ಸಣ್ಣದಾಗಿ ‘ಮಧೂರು’ ಎಂದು ಬರೆದು ಅಳಿಸಿದ್ದ. ಅಳಿಸಿದ ಗುರುತು ಕಾಣುತ್ತಿತ್ತು, ಗಣ ಸರಿಯಾಗಿತ್ತು.